ಹಳೆಯ ಡೀಸೆಲ್ ಕಾರಿನ ತಾತ್ಕಾಲಿಕ ನಡುಕ

ಕಲಾ ಕಾಲೇಜಿನ ಸಂಚಿಕೆಯಲ್ಲಿ ಮೋಟಾರು ಯಂತ್ರದ ಪಾಠವೇಕೆಂದು ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ವಿಷಯವೇನೋ ಯಂತ್ರದ್ದೇ, ಆದರೆ ಅದರ ಬೇರು ಇರುವುದು ತರ್ಕಶಾಸ್ತ್ರದಲ್ಲಿ. ಸದಾ ಇರುವ ದೋಷವನ್ನು ಯಾರು ಬೇಕಾದರೂ ಹಿಡಿದಾರು. ಬಂದು ಹೋಗುವ ದೋಷ, ತೋರಿಸಲೆಂದು ಕರೆದೊಯ್ದಾಗ ಮಾಯವಾಗುವ ದೋಷ, ಇದನ್ನು ಹಿಡಿಯಲು ಸ್ಪ್ಯಾನರಿಗಿಂತ ಮೊದಲು ಬೇಕಾದುದು ವಿಚಾರದ ಕ್ರಮ.

ಕಾರು ನಿಂತಿರುವಾಗ, ಆಕ್ಸಿಲರೇಟರಿನ ಮೇಲೆ ಕಾಲಿಲ್ಲದಿರುವಾಗ, ಎಂಜಿನು ತನ್ನಷ್ಟಕ್ಕೆ ನಿಧಾನವಾಗಿ ನಡೆಯುವುದಕ್ಕೆ ಐಡ್ಲಿಂಗ್ ಎನ್ನುತ್ತಾರೆ. ಅದು ಕೆಟ್ಟಾಗ ಸ್ಟಿಯರಿಂಗು ಕೈಯಲ್ಲಿ ನಡುಗುತ್ತದೆ, ಬಾಗಿಲ ಗಾಜು ಗಲಗಲಿಸುತ್ತದೆ, ಕನ್ನಡಿಯಲ್ಲಿ ಹಿಂದಿನ ರಸ್ತೆ ಕಲಸಿಹೋಗುತ್ತದೆ. ಕಾರು ಹೊರಟ ಮೇಲೆ ಎಲ್ಲವೂ ಸರಿ! ಹೀಗೇಕೆಂಬುದಕ್ಕೆ ಸ್ವಲ್ಪ ಲೆಕ್ಕ ಮಾಡಬೇಕು. ಉದಾಹರಣೆಗೆ ನಮಗೆಲ್ಲ ಪರಿಚಿತವಾದ ಅಂಬಾಸಡರನ್ನೇ ತೆಗೆದುಕೊಳ್ಳೋಣ. ಬಂಗಾಳದ ಉತ್ತರಪಾರದಲ್ಲಿ ಅದರ ತಯಾರಿಕೆ 2014ರಲ್ಲಿ ನಿಂತುಹೋಯಿತಾದರೂ, 1489 ಘನ ಸೆಂಟಿಮೀಟರಿನ, ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನುಳ್ಳ ಹಳೆಯ ಬಂಡಿಗಳನ್ನು ಪ್ರೀತಿಯಿಂದ ಓಡಿಸುವವರು ಇನ್ನೂ ಇದ್ದಾರೆ.

ಎಂಜಿನು ನಿಮಿಷಕ್ಕೆ 600 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳಿ. ಎರಡು ಸುತ್ತಿಗೊಮ್ಮೆ ಪ್ರತಿ ಸಿಲಿಂಡರಿನಲ್ಲೂ ಎಣ್ಣೆ ಉರಿಯಬೇಕು. ಅಂದರೆ ಗಂಟೆಗೆ 18,000 ಸಲ, ನಾಲ್ಕೂ ಸೇರಿ 72,000 ಸಲ. ಈ ಸ್ಥಿತಿಯಲ್ಲಿ ಗಂಟೆಗೆ ಅರ್ಧ ಲೀಟರು ಡೀಸೆಲ್ ಖರ್ಚಾದರೆ ಒಂದೊಂದು ಸಲಕ್ಕೆ ಬೀಳುವ ಪಾಲು ಸುಮಾರು 7 ಘನ ಮಿಲಿಮೀಟರು, ಒಂದು ನೀರಿನ ಹನಿಯ ಏಳನೆಯ ಒಂದು ಭಾಗದಷ್ಟು. ಈ ಕಣಮಾತ್ರದ ಎಣ್ಣೆಯನ್ನು ಪಂಪು ನಾಲ್ಕು ಸಿಲಿಂಡರುಗಳಿಗೂ ಸಮನಾಗಿ ಹಂಚಬೇಕು. ಒಂದರಲ್ಲಿ 2 ಘನ ಮಿಲಿಮೀಟರು ಕಡಿಮೆಯಾದರೆ ಕಾಲುಭಾಗಕ್ಕೂ ಹೆಚ್ಚು ನಷ್ಟ. ಗುಡ್ಡ ಹತ್ತುವಾಗ ಇದರ ಹಲವು ಪಟ್ಟು ಎಣ್ಣೆ ಹೋಗುವುದರಿಂದ ಅದೇ 2 ಘನ ಮಿಲಿಮೀಟರಿನ ಕೊರತೆ ಯಾರ ಗಮನಕ್ಕೂ ಬಾರದು. ಅಲ್ಲದೆ, ನಿಧಾನವಾಗಿ ತಿರುಗುವಾಗ ಒಂದು ಸಿಲಿಂಡರು ತಪ್ಪಿದರೆ ಆ ತೆರಪು ಸೆಕೆಂಡಿಗೆ ಐದು ಸಲ ಕೈಗೇ ತಿಳಿಯುತ್ತದೆ. ವೇಗದಲ್ಲಿ ಫ್ಲೈವೀಲ್ ಅದನ್ನು ನುಂಗಿಬಿಡುತ್ತದೆ. ಆದ್ದರಿಂದ ಐಡ್ಲಿಂಗಿನ ನಡುಕ ದೊಡ್ಡ ರೋಗದ ಲಕ್ಷಣವೇ ಆಗಿರಬೇಕಾಗಿಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾನು ಬಲ್ಲ ವೃದ್ಧ ಟ್ಯಾಕ್ಸಿ ಚಾಲಕರೊಬ್ಬರ ಕಾರು ಬೆಳಗಿನ ಹೊತ್ತು ಹೀಗೆ ನಡುಗುತ್ತಿತ್ತು. “ಯಜಮಾನ್ರೇ, ಪಂಪು ಬಿಚ್ಚಲೇಬೇಕು” ಎಂದರು ಗ್ಯಾರೇಜಿನವರು. ಪಂಪು ಬಿಚ್ಚಿದ್ದಾಯಿತು, ಎರಡು ವಾರದ ಸಂಪಾದನೆ ಹೋಯಿತು, ಸಾಲವೂ ಆಯಿತು. ನಡುಕ ಮಾತ್ರ ಮರುದಿನ ಬೆಳಿಗ್ಗೆ ಹಾಗೆಯೇ ಹಾಜರಾಯಿತು. ಕೊನೆಗೆ ಸಿಕ್ಕ ಕಾರಣ, ಟ್ಯಾಂಕಿನಿಂದ ಬರುವ ರಬ್ಬರು ಪೈಪಿನ ಒಂದು ಬಿರುಕು. ಆ ಫಿಟ್ಟರಿಗೆ ಕೈಚಳಕ ಕಡಿಮೆಯೇನೂ ಇರಲಿಲ್ಲ. ಆತ ಕೇಳಬೇಕಾದ ಪ್ರಶ್ನೆಯನ್ನು ಕೇಳಲಿಲ್ಲ, ಅಷ್ಟೆ.

ಆ ಪ್ರಶ್ನೆ ಯಾವುದು? ಹಳ್ಳಿಯ ಪಂಡಿತರು ನಾಡಿ ಹಿಡಿಯುವ ಮೊದಲೇ ಕೇಳುವಂಥದು: ಜ್ವರ ಯಾವ ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಯಾವಾಗ ಬಿಡುತ್ತದೆ? ಚಾಲಕನು ಒಂದು ವಾರ ಇದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಚಳಿಯ ಮುಂಜಾನೆ ಎಂಜಿನು ಹೊತ್ತಿಕೊಂಡ ಕ್ಷಣದಿಂದಲೇ ನಡುಕವಿದ್ದು, ಕಾವೇರಿದಂತೆ ಒಂದೆರಡು ನಿಮಿಷದಲ್ಲಿ ಬಿಟ್ಟುಹೋಗುವುದಾದರೆ ಮೊದಲ ಅನುಮಾನ ಹೀಟರ್ ಪ್ಲಗ್ಗಿನ ಮೇಲೆ. ಡೀಸೆಲ್ ಎಂಜಿನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇಲ್ಲ. ಒತ್ತಿದ ಗಾಳಿಯ ಕಾವಿಗೇ ಎಣ್ಣೆ ಹೊತ್ತಿಕೊಳ್ಳಬೇಕು. ಲೋಹವು ತಣ್ಣಗಿರುವಾಗ ಆ ಕಾವು ಸಾಲದೆ ಹೀಟರ್ ಪ್ಲಗ್ಗಿನ ಸಹಾಯ ಬೇಕಾಗುತ್ತದೆ. ನಾಲ್ಕರಲ್ಲಿ ಒಂದು ಸತ್ತಿದ್ದರೆ ಎಂಜಿನು ಮೂರು ಕಾಲಿನ ಮೇಲೆ ಕುಂಟುತ್ತದೆ; ಸೈಲೆನ್ಸರಿನಿಂದ ಹಸಿ ಡೀಸೆಲ್ ವಾಸನೆಯ ಬಿಳಿ ಹೊಗೆ ಬರುತ್ತದೆ. ಹೊಗೆಯಿದ್ದಲ್ಲಿ ಬೆಂಕಿಯುಂಟೆಂದು ನಮ್ಮ ನೈಯಾಯಿಕರು ಬೆಟ್ಟವನ್ನು ತೋರಿಸಿ ಸಾಧಿಸಿದರು. ಈ ಬಿಳಿ ಹೊಗೆಯೋ ಬೆಂಕಿ ಹೊತ್ತಿಲ್ಲವೆಂಬುದಕ್ಕೇ ಸಾಕ್ಷಿ! ಪ್ಲಗ್ಗುಗಳ ತಂತಿ ಕಳಚಿ, ಒಂದೊಂದರ ಮೂಲಕವೂ ಬ್ಯಾಟರಿಯ ವಿದ್ಯುತ್ತು ಹರಿಯುವುದೇ ಎಂದು ಟೆಸ್ಟ್ ಲ್ಯಾಂಪಿನಿಂದ ನೋಡಿದರೆ ಸಾಕು. ಪ್ಲಗ್ಗುಗಳನ್ನು ಒಂದರ ಹಿಂದೊಂದು ಸಾಲಾಗಿ ಜೋಡಿಸಿರುವ ಕೆಲವು ಬಹು ಹಳೆಯ ಕಾರುಗಳಲ್ಲಿ ಒಂದು ಸತ್ತರೆ ನಾಲ್ಕೂ ಸತ್ತಂತೆ. ಅಲ್ಲಿ ನಡುಕಕ್ಕಿಂತ ಎಂಜಿನು ಹೊತ್ತಿಕೊಳ್ಳುವುದೇ ಕಷ್ಟವಾಗುತ್ತದೆ.

ಇನ್ನೊಂದು ಬಗೆ ನೋಡಿ. ರಾತ್ರಿಯೆಲ್ಲ ನಿಂತಿದ್ದ ಕಾರು ಬೆಳಿಗ್ಗೆ ಚೆನ್ನಾಗಿಯೇ ಹೊತ್ತಿಕೊಳ್ಳುತ್ತದೆ. ಹತ್ತಿಪ್ಪತ್ತು ಸೆಕೆಂಡಾದ ಮೇಲೆ ತೊದಲತೊಡಗುತ್ತದೆ, ಒಮ್ಮೊಮ್ಮೆ ನಿಂತೇ ಹೋಗುತ್ತದೆ, ಮತ್ತೆ ತಾನೇ ಸರಿಯಾಗುತ್ತದೆ. ಮೊದಲು ಚೆನ್ನಾಗಿದ್ದು ಆಮೇಲೆ ಕೆಡುವುದೇ ಇದರ ಗುರುತು. ಪಂಪಿನೊಳಗೆ ಉಳಿದಿದ್ದ ಎಣ್ಣೆ ತೀರುವವರೆಗೆ ಎಂಜಿನು ನಡೆದು, ಹಿಂದಿನಿಂದ ಗಾಳಿಯ ಗುಳ್ಳೆ ಬಂದಾಗ ಎಡವುತ್ತದೆ. ಟ್ಯಾಂಕಿನಿಂದ ಲಿಫ್ಟ್ ಪಂಪಿನವರೆಗಿನ ಪೈಪಿನಲ್ಲಿ ಎಣ್ಣೆ ಎಳೆಯಲ್ಪಡುತ್ತದೆಯೇ ಹೊರತು ನೂಕಲ್ಪಡುವುದಿಲ್ಲ. ಹೀಗಾಗಿ ಅಲ್ಲಿ ಬಿರುಕಿದ್ದರೆ ಎಣ್ಣೆ ಹೊರಗೆ ಸೋರದೆ ಗಾಳಿಯೇ ಒಳಗೆ ನುಗ್ಗುತ್ತದೆ. ರಾತ್ರಿ ಎಣ್ಣೆ ಮೆಲ್ಲನೆ ಟ್ಯಾಂಕಿಗೆ ಹಿಂದಿರುಗುತ್ತದೆ. ಪೈಪು ಒಣಗಿರುವುದನ್ನು ಕಂಡು “ಲೀಕ್ ಇಲ್ಲ” ಎಂದು ತೀರ್ಪು ಕೊಡುವವರು ಎಡವುವುದು ಇಲ್ಲಿಯೇ. ಪರೀಕ್ಷೆ ಬಹು ಸುಲಭ. ಪಂಪಿಗೆ ಹೋಗುವ ಮುನ್ನ ಒಂದು ಗೇಣು ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯನ್ನು ಸೇರಿಸಿ ಗುಳ್ಳೆ ಬರುವುದೇ ನೋಡಬೇಕು. ಬಂದರೆ, ಪಂಪಿಗಿಂತ ಎತ್ತರದಲ್ಲಿ ಡೀಸೆಲ್ ತುಂಬಿದ ಡಬ್ಬವನ್ನಿಟ್ಟು ಅದರಿಂದಲೇ ಎಂಜಿನು ನಡೆಸಿ, ಗಾಳಿಯನ್ನು ಒಮ್ಮೆ ಹೊರಹಾಕಬೇಕು. ನಡುಕ ನಿಂತರೆ ದೋಷ ಟ್ಯಾಂಕಿನ ಕಡೆಯ ಪೈಪಿನದು. ಡಬ್ಬ ತೆಗೆದಾಗ ಮತ್ತೆ ಬಂದರೆ ಅನುಮಾನಕ್ಕೇ ಎಡೆಯಿಲ್ಲ. ಜಾನ್ ಸ್ಟುವರ್ಟ್ ಮಿಲ್ 1843ರಲ್ಲಿ ತನ್ನ ತರ್ಕಗ್ರಂಥದಲ್ಲಿ ವಿವರಿಸಿದ ವ್ಯತಿರೇಕ ವಿಧಾನ ಇದೇ: ಉಳಿದೆಲ್ಲವೂ ಇದ್ದಂತೆಯೇ ಇರಲು, ಒಂದನ್ನು ಮಾತ್ರ ತೆಗೆದಾಗ ಫಲ ಮಾಯವಾದರೆ ಅದೇ ಕಾರಣ. ನಾಲ್ಕು ಭಾಗಗಳನ್ನು ಒಟ್ಟಿಗೆ ಬದಲಾಯಿಸುವ ಗ್ಯಾರೇಜಿನಲ್ಲಿ ಕಾರು ಸರಿಯಾಗಬಹುದು, ಕಾರಣ ಮಾತ್ರ ಎಂದಿಗೂ ತಿಳಿಯದು.

ಮಳೆಗಾಲದಲ್ಲಿಯೋ ಎಣ್ಣೆ ತುಂಬಿಸಿದ ಮರುದಿನವೋ ಬಂದ ನಡುಕವಾದರೆ ಫಿಲ್ಟರಿನ ತಳದ ನೀರನ್ನು ಬಸಿದು ನೋಡಬೇಕು. ಆದರೆ ಬರಿಯ ಕಸ ಕಟ್ಟಿದ ಫಿಲ್ಟರು ಏರಿನಲ್ಲಿ, ಹೆಚ್ಚು ಎಣ್ಣೆ ಬೇಕಾದಾಗ ಮೊದಲು ಕಾಣಿಸಿಕೊಳ್ಳುತ್ತದೆಯೇ ಹೊರತು ಐಡ್ಲಿಂಗಿನಲ್ಲಲ್ಲ.

ನಡುಕ ತಣ್ಣಗಿರುವಾಗಲೂ ಕಾದಾಗಲೂ ಒಂದೇ ಲಯದಲ್ಲಿದ್ದು, ಜೊತೆಗೆ ಟಕಟಕ ಬಡಿತ, ಕಪ್ಪು ಹೊಗೆ ಇದ್ದರೆ ಒಂದು ನಾಜಲ್ ಕೆಟ್ಟಿರಬಹುದು. ಎಣ್ಣೆಯನ್ನು ಮಂಜಿನಂತೆ ಸಿಂಪಡಿಸದೆ ತೊಟ್ಟಿಕ್ಕುತ್ತಿರಬಹುದು. ಎಂಜಿನು ನಡೆಯುತ್ತಿರುವಾಗ ನಾಜಲುಗಳಿಗೆ ಬರುವ ಪೈಪಿನ ನಟ್ಟನ್ನು ಒಂದೊಂದಾಗಿ ಸ್ವಲ್ಪ ಸಡಿಲಿಸಿ ಬಿಗಿಯುತ್ತ ಹೋಗುವುದು ಹಳೆಯ ಉಪಾಯ. ಚೆನ್ನಾಗಿರುವ ಸಿಲಿಂಡರಿನದನ್ನು ಸಡಿಲಿಸಿದರೆ ಎಂಜಿನು ಇನ್ನಷ್ಟು ನರಳುತ್ತದೆ. ಯಾವುದನ್ನು ಸಡಿಲಿಸಿದಾಗ ಶಬ್ದದಲ್ಲಿ ವ್ಯತ್ಯಾಸವೇ ಆಗುವುದಿಲ್ಲವೋ ಆ ಸಿಲಿಂಡರೇ ಮೈಗಳ್ಳ. ನಾಜಲನ್ನು ಇನ್ನೊಂದು ಸಿಲಿಂಡರಿಗೆ ಬದಲಿಸಿದಾಗ ದೋಷವೂ ಹಿಂಬಾಲಿಸಿದರೆ ನಾಜಲೇ ಅಪರಾಧಿ, ಹಿಂಬಾಲಿಸದಿದ್ದರೆ ವಾಲ್ವನ್ನೋ ಕಂಪ್ರೆಷನ್ನನ್ನೋ ನೋಡಬೇಕು. ಇದನ್ನು ಓದಿ ಯಾರೂ ಬರಿಗೈಯಲ್ಲಿ ಹೊರಡಬಾರದು. ನಾಜಲ್ ತೆರೆದುಕೊಳ್ಳುವುದು ವಾತಾವರಣದ ನೂರು ಪಟ್ಟಿಗೂ ಮೀರಿದ ಒತ್ತಡದಲ್ಲಿ. ಆ ಧಾರೆ ಚರ್ಮವನ್ನು ತೂರಿ ಒಳಹೊಕ್ಕರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು. ಅನುಭವಿ ಫಿಟ್ಟರು ಕನ್ನಡಕ ಧರಿಸಿ, ನಟ್ಟಿಗೆ ಬಟ್ಟೆ ಸುತ್ತಿ ಮಾಡುವ ಕೆಲಸವಿದು. ಈಚಿನ ಕಾಮನ್ ರೈಲ್ ಎಂಜಿನುಗಳಲ್ಲಂತೂ ಒತ್ತಡವು ಇದರ ಹತ್ತು ಪಟ್ಟನ್ನೂ ಮೀರುವುದರಿಂದ ಈ ಉಪಾಯ ಸರ್ವಥಾ ನಿಷಿದ್ಧ.

ಬೆಳಿಗ್ಗೆ ಸರಿಯಿದ್ದು, ಬಹುದೂರ ಓಡಿ ಕಾದ ಮೇಲೆ ಮಾತ್ರ ಐಡ್ಲಿಂಗ್ ಕುಸಿದರೆ, ನಿಲ್ಲಿಸಿದ ಎಂಜಿನು ಮತ್ತೆ ಹೊತ್ತಿಕೊಳ್ಳಲು ಹಟಮಾಡಿದರೆ, ಆಗ ಪಂಪಿನ ಹೆಸರೆತ್ತಬಹುದು. ಕಾದ ಡೀಸೆಲ್ ತೆಳುವಾಗಿ, ಸವೆದ ಪಂಪಿನ ಸಂದುಗಳಲ್ಲಿ ನುಸುಳಿಹೋಗುತ್ತದೆ. ತಿರುಗುವ ರೋಟರಿನಿಂದ ಎಣ್ಣೆ ಹಂಚುವ ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ ತಂಪು ಮಾಡಿದಾಗ ಎಂಜಿನು ಸುಧಾರಿಸಿಕೊಂಡರೆ ಅನುಮಾನ ಬಹುಮಟ್ಟಿಗೆ ಖಚಿತ. ಅಂಥ ಪಂಪನ್ನು ಅಳತೆಯ ಬೆಂಚಿನ ಮೇಲೆ, ಒಂದೊಂದು ಸಿಲಿಂಡರಿಗೂ ಎಷ್ಟೆಷ್ಟು ಎಣ್ಣೆ ಹೋಗುತ್ತಿದೆಯೆಂದು ಗಾಜಿನ ನಳಿಕೆಗಳಲ್ಲಿ ಹಿಡಿದು ನೋಡುವ ಅಂಗಡಿಗೇ ಒಯ್ಯಬೇಕು. ನಮ್ಮ ಬೆಂಗಳೂರಿನಲ್ಲಿ ಮೈಕೋ ಕಾರ್ಖಾನೆ 1950ರ ದಶಕದಲ್ಲೇ ಆರಂಭವಾದುದರಿಂದ ಈ ವಿದ್ಯೆ ಬಲ್ಲವರಿಗೆ ನಮ್ಮ ನಾಡಿನಲ್ಲಿ ಕೊರತೆಯಿಲ್ಲ. ಬಿಚ್ಚುವ ಮುನ್ನಿನ ಅಳತೆಯನ್ನೂ ಜೋಡಿಸಿದ ನಂತರದ ಅಳತೆಯನ್ನೂ ಬರೆದುಕೊಡುವಂತೆ ಗಿರಾಕಿ ಕೇಳಬಹುದು. ಕೇಳಿದರೆ ಒಳ್ಳೆಯ ಅಂಗಡಿಯವರು ಬೇಸರಪಡುವುದಿಲ್ಲ.