ಕಡಿಮೆ ಓಡಿದ ಕಾರು, ವಯಸ್ಸಾದ ಟೈರು

ಪುಟ್ಟಿ,

ರಾಬರ್ಟ್‌ಸನ್‌ಪೇಟೆಯಲ್ಲಿ ನೋಡಿ ಬಂದ ಬಿಳಿ ಡಿಜೈರಿನ ಹತ್ತು ಫೋಟೋ ಕಳಿಸಿದ್ದೀಯ. ಸೀಟು ಇದೆ, ಡಿಕ್ಕಿ ಇದೆ, ಹಿಂದಿನ ಗಾಜಿಗೆ ಅಂಟಿಸಿದ ಮುರುಗನೂ ಇದ್ದಾನೆ. ಟೈರಿನದು ಒಂದೂ ಇಲ್ಲ. ಅದಕ್ಕೇ ಈ ಕಾಗದ. ನಿನ್ನ ಜತೆ ಬೆಳಗಿನ ಮಾರಿಕುಪ್ಪಂ ರೈಲು ಹತ್ತುವ ಗೆಳೆಯರೂ ಮೊದಲ ಕಾರು ಹುಡುಕುತ್ತಿದ್ದಾರಂತಲ್ಲ, ಅವರಿಗೂ ಓದಲು ಕೊಡು.

‘2014ರ ಗಾಡಿ, ಬರೀ 31 ಸಾವಿರ ಕಿಲೋಮೀಟರ್, ರಿಟೈರ್ ಆದವರದು’ ಅಂತ ಖುಷಿಯಾಗಿ ಬರೆದಿದ್ದೀಯ. ನನಗೆ ಭಯವಾದದ್ದು ಅಲ್ಲೇ. ನಮ್ಮ ಕೆಜಿಎಫ್‌ನಲ್ಲಿ ಇಂಥ ಕಾರುಗಳು ಬೀದಿಗೆ ನಾಲ್ಕು ಸಿಗುತ್ತವೆ. ಬೆಮೆಲ್‌ನಿಂದ ನಿವೃತ್ತರಾದವರು ಆಸೆಪಟ್ಟು ಕೊಂಡು, ಭಾನುವಾರ ಕೋಟಿಲಿಂಗೇಶ್ವರಕ್ಕೋ, ತಿಂಗಳಿಗೊಮ್ಮೆ ಕೋಲಾರದ ಆಸ್ಪತ್ರೆಗೋ ಹೋಗಿ ಬಂದು, ಮಿಕ್ಕ ದಿನ ಬೇವಿನ ಮರದ ಕೆಳಗೆ ನಿಲ್ಲಿಸಿದ ಗಾಡಿಗಳು. ಎಂಜಿನ್ನು ಚೆನ್ನಾಗಿಯೇ ಇರುತ್ತದೆ. ಟೈರಿನ ಕಚ್ಚೂ ಆಳವಾಗಿಯೇ ಕಾಣುತ್ತದೆ. ಆದರೆ ರಬ್ಬರು ನಿಂತಲ್ಲೇ ಮುದಿಯಾಗುತ್ತದೆ ಕಣೆ. ಬಿಸಿಲು, ಗಾಳಿಯ ಆಮ್ಲಜನಕ, ಓಜೋನು ಸೇರಿ ಅದರ ಮೆದುತನ ಹೀರಿಬಿಡುತ್ತವೆ. ಪಕ್ಕದ ಗೋಡೆಯ ಮೇಲೆ ಬೇಸಿಗೆಯ ಬೇತಮಂಗಲ ಕೆರೆಯಂಗಳದ ಹಾಗೆ ಸಣ್ಣ ಬಿರುಕು ಕಂಡರೆ, ಆ ಟೈರಿನ ಕಥೆ ಮುಗಿದ ಹಾಗೆ. ಮಾರುವವರು ಕಪ್ಪು ಪಾಲಿಶ್ ಬಳಿದಿರುತ್ತಾರೆ. ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡು.

ವಯಸ್ಸು ಟೈರಿನ ಮೇಲೇ ಬರೆದಿದೆ. ಡಿಒಟಿ ಅನ್ನುವ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ. 1814 ಅಂತಿದ್ದರೆ 2014ರ 18ನೇ ವಾರದಲ್ಲಿ ಹುಟ್ಟಿದ್ದು. ಹೊರಮೈಯಲ್ಲಿ ಕಾಣದಿದ್ದರೆ ಒಳಮೈಯಲ್ಲಿರುತ್ತದೆ, ಬಗ್ಗಿ ನೋಡಬೇಕು. ಐದಾರು ವರ್ಷ ದಾಟಿದ್ದನ್ನು ಅನುಮಾನದಿಂದಲೇ ನೋಡು. ಹತ್ತಾಗಿದ್ದರೆ ಕಚ್ಚು ಎಷ್ಟೇ ಇರಲಿ, ಬೇಡ. ಸ್ಟೆಪ್ನಿಯದೂ ಓದು, ಹುಟ್ಟಿದಾಗಿನಿಂದ ನೆಲ ಮುಟ್ಟದ ಸ್ಟೆಪ್ನಿ ಹೊಸದರ ಹಾಗೇ ಕಂಡು ಮೋಸ ಮಾಡುತ್ತದೆ.

ಇದನ್ನು ನಾನು ಕಲಿತದ್ದು ನರಸಾಪುರದ ಹತ್ತಿರ, ಹೆದ್ದಾರಿಯಲ್ಲಿ. ಸೆಕೆಂಡ್‌ಹ್ಯಾಂಡ್ ಕಾರು ತಂದು ಮೂರು ತಿಂಗಳೂ ಆಗಿರಲಿಲ್ಲ. ‘ಇನ್ನೂ ಎರಡು ವರ್ಷ ಬರುತ್ತೆ ಸಾರ್’ ಅಂದಿದ್ದರು ಮಾರಿದವರು. ಎಡಗಡೆಯ ಹಿಂದಿನ ಟೈರು ಢಮ್ಮೆಂದಿತು. ನಿನ್ನ ಅತ್ತೆ ಇವತ್ತಿಗೂ ಆ ಕಡೆ ಸೀಟಿನಲ್ಲಿ ಕೂರುವುದಿಲ್ಲ. ಗಣಿಯಲ್ಲಿ ವೈಂಡಿಂಗ್ ಎಂಜಿನ್ನಿನ ಬಳಿ ಫಿಟ್ಟರ್ ಆಗಿದ್ದವನು ನಾನು. ಆಳುಗಳನ್ನು ಇಳಿಸುವ ಕೇಜಿನ ಉಕ್ಕಿನ ಹಗ್ಗವನ್ನು ದಿನಾ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಅವಧಿ ಮುಗಿದರೆ ಹೊಳೆಯುತ್ತಿದ್ದರೂ ಇಳಿಸಿಬಿಡುತ್ತಿದ್ದೆವು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಆ ಬುದ್ಧಿಯನ್ನೂ ನಾನು ಶಾಫ್ಟಿನಲ್ಲೇ ಬಿಟ್ಟು ಬಂದಿದ್ದೆ ಅಂತ ಕಾಣುತ್ತದೆ.

ಕೆಜಿಎಫ್‌ನಿಂದ ಬಂಗಾರಪೇಟೆಗೆ ನಲವತ್ತರಲ್ಲಿ ಹೋಗುವಾಗ ಹಳೇ ಟೈರು ಬಾಯಿ ಮುಚ್ಚಿಕೊಂಡಿರುತ್ತದೆ. ಆದರೆ ನೀನು ಕಾರು ಕೊಳ್ಳುತ್ತಿರುವುದೇ ಬೇತಮಂಗಲದಿಂದ ಹೊಸಕೋಟೆಯವರೆಗಿನ ಎಕ್ಸ್‌ಪ್ರೆಸ್‌ವೇ ಹಿಡಿಯಲು. ಅಲ್ಲಿ ನೂರರ ವೇಗದಲ್ಲಿ ಟೈರಿನ ಪಕ್ಕೆ ಒಂದೇ ಸಮ ಮಡಿಚಿ ಬಿಚ್ಚಿ ಕಾಯುತ್ತದೆ. ಗಾಳಿ ಕಡಿಮೆ ಇದ್ದಷ್ಟೂ ಮಡಿಕೆ ಹೆಚ್ಚು, ಕಾವು ಹೆಚ್ಚು. ಸಿಡಿಯುವುದು ಹಾಗೆ. ಎಷ್ಟು ಗಾಳಿ ಬೇಕೆಂದು ಡ್ರೈವರ್ ಬಾಗಿಲಿನ ಕಂಬದ ಮೇಲಿನ ಚೀಟಿ ಹೇಳುತ್ತದೆ. ಬೆಳಗ್ಗೆ, ಟೈರು ತಣ್ಣಗಿದ್ದಾಗಲೇ ಹಾಕಿಸು. ನೈಟ್ರೋಜನ್ ಅಂತ ದುಡ್ಡು ಕೇಳಿದರೆ ನಕ್ಕುಬಿಡು. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ಅದೇ.

ಇನ್ನು ಸವೆತ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಮುಂದಿನ ಟೈರಿನ ಒಳ ಅಂಚು ಮುಟ್ಟಿ ನೋಡು. ಅದೊಂದೇ ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ, ಇಲ್ಲವೇ ಕೆಳಗಿನ ಬುಷ್ ಹೋಗಿದೆ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದಾರೆ. ಅಲ್ಲಲ್ಲಿ ಗುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರಿನ ಕಡೆ ನೋಡು, ಅದರ ಖರ್ಚು ಟೈರನ್ನೂ ಮೀರಿಸುತ್ತದೆ. ಕಚ್ಚಿನ ನಡುವೆ ಅಡ್ಡ ದಿಣ್ಣೆಗಳಿರುತ್ತವೆ. ಮೇಲ್ಮೈ ಅದಕ್ಕೆ ಸಮ ಬಂದರೆ ಉಳಿದಿರುವುದು 1.6 ಮಿಲಿಮೀಟರ್, ಬದಲಿಸಲೇಬೇಕು. ಪಕ್ಕೆಯಲ್ಲಿ ಗುಳ್ಳೆ ಎದ್ದಿದ್ದರೆ ಒಳಗಿನ ದಾರ ತುಂಡಾಗಿದೆ. ಅದಕ್ಕೆ ರಿಪೇರಿಯೇ ಇಲ್ಲ, ಯಾರು ಏನೇ ಹೇಳಲಿ.

ಖರ್ಚು ಎಷ್ಟೆಂದು ಕೇಳಿದ್ದೆಯಲ್ಲ. ಟ್ಯೂಬ್‌ಲೆಸ್ ಪಂಚರಿಗೆ ರಬ್ಬರ್ ಹುರಿ ತುರುಕಿದರೆ ನಮ್ಮ ಕಡೆ ನೂರು, ನೂರೈವತ್ತು. ಟೈರು ಬಿಚ್ಚಿ ಒಳಗಿಂದ ಅಣಬೆ ಪ್ಯಾಚ್ ಹಾಕಿಸಿದರೆ ಮುನ್ನೂರು, ನಾನೂರು. ಎಕ್ಸ್‌ಪ್ರೆಸ್‌ವೇಗೆ ಹೋಗುವವಳು ಎರಡನೆಯದನ್ನೇ ಹಾಕಿಸು. ಪಂಚರಾದ ಮೇಲೆ ‘ಇನ್ನೇನು ಬಂತು’ ಅಂತ ಅಂಗಡಿವರೆಗೆ ಉರುಳಿಸಿಕೊಂಡು ಹೋದೆಯೋ, ನೂರು ರೂಪಾಯಿಯ ಕೆಲಸ ಹೊಸ ಟೈರಿನ ಲೆಕ್ಕಕ್ಕೆ ಏರುತ್ತದೆ. ಅಲೈನ್‌ಮೆಂಟು, ಬ್ಯಾಲೆನ್ಸಿಂಗು ಸೇರಿ ಎಂಟುನೂರರಿಂದ ಸಾವಿರ. ರಿಮ್ಮಿನ ಬೆಂಡು ತೆಗೆಸಲು ಚಕ್ರಕ್ಕೆ ಐನೂರು ಅಂದುಕೊ. ಹದಿನಾಲ್ಕು ಇಂಚಿನ ಹೊಸ ಟೈರು ಒಂದಕ್ಕೆ ನಾಲ್ಕು ಸಾವಿರದ ಆಸುಪಾಸು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 28ರಿಂದ 18ಕ್ಕೆ ಇಳಿದದ್ದು ಸ್ವಲ್ಪ ಉಸಿರು ಕೊಟ್ಟಿದೆ. ಸೈಜು ಮಾತ್ರ ಕಂಪನಿ ಕೊಟ್ಟದ್ದೇ ಇರಲಿ, ಅಗಲದ ಟೈರಿನ ಶೋಕಿ ಬೇಡ. ಎರಡೇ ಹಾಕಿಸಲು ದುಡ್ಡಿದ್ದರೆ ಹೊಸವು ಹಿಂದಕ್ಕೆ ಹೋಗಲಿ. ಮುಂದಿನ ಚಕ್ರ ಎಳೆಯುವ ಕಾರಲ್ವಾ ಅಂತ ಅಂಗಡಿಯವರು ವಾದ ಮಾಡುತ್ತಾರೆ. ಮಳೆಯಲ್ಲಿ ಮುಂಭಾಗ ಜಾರಿದರೆ ಸ್ಟೀರಿಂಗಿನಲ್ಲಿ ಗೊತ್ತಾಗುತ್ತದೆ, ಕಾಲು ತೆಗೆದು ಸುಧಾರಿಸಿಕೊಳ್ಳಬಹುದು. ಹಿಂಭಾಗ ಜಾರಿದರೆ ಕಾರು ಬುಗುರಿ.

ನಿನ್ನ ಬಿಳಿ ಕಾರಿಗೆ ಬಹುಶಃ ಐದೂ ಹೊಸದು ಬೇಕು, ಫಿಟ್ಟಿಂಗ್ ಎಲ್ಲ ಸೇರಿ ಇಪ್ಪತ್ತೊಂದು ಸಾವಿರ. ಅಷ್ಟನ್ನು ಬೆಲೆಯಲ್ಲಿ ಕಳೆದು ಕೇಳು. ಜಗಳವಾಡಬೇಡ, ಆ ಯಜಮಾನರಿಗೆ ಟೈರಿನ ಹುಟ್ಟಿದ ವಾರ ಗೊತ್ತೇ ಇರಲಿಕ್ಕಿಲ್ಲ. ಕರೆದು, ಬೆರಳಿಟ್ಟು ತೋರಿಸು.

ಭಾನುವಾರ ಹತ್ತಕ್ಕೆ ಬಂಗಾರಪೇಟೆ ಸ್ಟೇಷನ್ನಿನ ಹೊರಗೆ ನಿಂತಿರುತ್ತೇನೆ, ಕಾರನ್ನು ಅಲ್ಲಿಗೇ ತರಿಸು. ಟಾರ್ಚು ನನ್ನ ಹತ್ತಿರ ಇದೆ. ನೀನು ಹಳೇ ಚೂಡಿದಾರ ಹಾಕಿಕೊಂಡು ಬಾ, ಕೆಳಗೆ ಬಗ್ಗಬೇಕಾಗುತ್ತದೆ. ಪಾನಿಪೂರಿ ಆಮೇಲೆ.

ನಿನ್ನ ಮಾವ