ಜೋಡಿ ಟ್ಯೂನರ್ ಕಾರ್ಡಿನ ಆಯ್ಕೆ

ಟೆಲಿವಿಷನ್ ಪ್ರೇಕ್ಷಕನಿಗೆ ಒದಗುವ ಕಷ್ಟಗಳಲ್ಲಿ ಒಂದು ಬಹು ಹಳೆಯದು. ಅವನಿಗೆ ಬೇಕಾದ ಎರಡು ಕಾರ್ಯಕ್ರಮಗಳು ಒಂದೇ ಗಂಟೆಗೆ ಪ್ರಸಾರವಾಗುತ್ತವೆ. ಒಂದನ್ನು ನೋಡಬೇಕಾದರೆ ಇನ್ನೊಂದನ್ನು ಬಿಡಬೇಕು. ಈ ಕಷ್ಟವನ್ನು ನೀಗಿಸುವ ಸಲುವಾಗಿ ಹುಟ್ಟಿದ ಉಪಕರಣಗಳಲ್ಲಿ ಜೋಡಿ ಟ್ಯೂನರ್ ಕಾರ್ಡು ಒಂದು. ಕಂಪ್ಯೂಟರಿನೊಳಗೆ ಕೂರುವ ಈ ಚಿಕ್ಕ ಫಲಕವನ್ನು ಆರಿಸುವುದು ಅಂಗಡಿಯ ವ್ಯವಹಾರವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಸರಿಯಾಗಿ ಆರಿಸಬೇಕಾದರೆ ನಾವು ಮೊದಲು ಸ್ವಲ್ಪ ಭೌತಶಾಸ್ತ್ರವನ್ನು ತಿಳಿದಿರಬೇಕು. ಅದನ್ನು ತಿಳಿಯದೆ ಕೊಂಡವರು ಹಣವನ್ನು ಕಳೆದುಕೊಂಡ ಸಂದರ್ಭಗಳು ಅನೇಕ.

ಈ ಕಾರ್ಡುಗಳು ಬಳಕೆಗೆ ಬಂದ ಬಗೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ ಹೀಗೆ: ೧೯೯೯ರಲ್ಲಿ ಅಮೆರಿಕದಲ್ಲಿ ಟಿವೋ ಎಂಬ ಪೆಟ್ಟಿಗೆ ಮಾರಾಟಕ್ಕೆ ಬಂದಿತು. ಅದು ಕಾರ್ಯಕ್ರಮಗಳನ್ನು ಟೇಪಿಗೆ ಬದಲಾಗಿ ಹಾರ್ಡ್ ಡಿಸ್ಕಿನ ಮೇಲೆ ಮುದ್ರಿಸುತ್ತಿತ್ತು. ಅದೇ ಕೆಲಸವನ್ನು ಮನೆಯ ಕಂಪ್ಯೂಟರಿನಿಂದಲೇ ಏಕೆ ಮಾಡಿಸಬಾರದು ಎಂಬ ಯೋಚನೆ ಅನೇಕರಿಗೆ ಬಂದಿತು. ೨೦೦೨ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ಎಕ್ಸ್‌ಪಿ ಮೀಡಿಯಾ ಸೆಂಟರ್ ಎಂಬ ಆವೃತ್ತಿಯನ್ನು ಹೊರತಂದಿತು. ಅದೇ ವರ್ಷ ಐಸಾಕ್ ರಿಚರ್ಡ್ಸ್ ಎಂಬಾತನು ಲಿನಕ್ಸ್‌ಗಾಗಿ ಮಿತ್‌ಟಿವಿ ಎಂಬ ಉಚಿತ ತಂತ್ರಾಂಶವನ್ನು ಆರಂಭಿಸಿದನು. ಹೀಗೆ ಅಮೆರಿಕ ಮತ್ತು ಯೂರೋಪಿನ ಮನೆಗಳಲ್ಲಿ ಟೆಲಿವಿಷನ್ ಪಕ್ಕದಲ್ಲಿ ‘ಹೋಮ್ ಥಿಯೇಟರ್ ಕಂಪ್ಯೂಟರ್’ ಬಂದು ಕುಳಿತಿತು. ಇದರ ಕಿವಿಯೇ ಟ್ಯೂನರ್ ಕಾರ್ಡು.

ಟ್ಯೂನರ್ ಮಾಡುವ ಕೆಲಸ

ಆಂಟೆನಾದ ತಂತಿಗೆ ಎಲ್ಲ ಪ್ರಸಾರ ಕೇಂದ್ರಗಳ ಅಲೆಗಳೂ ಒಟ್ಟಿಗೇ ಬಂದು ತಾಗುತ್ತವೆ. ಪ್ರತಿಯೊಂದು ಕೇಂದ್ರಕ್ಕೂ ಒಂದೊಂದು ಆವರ್ತಾಂಕದ ಪಟ್ಟಿಯನ್ನು, ಅಂದರೆ ಒಂದು ಚಾನೆಲನ್ನು, ಗೊತ್ತುಮಾಡಿರುತ್ತಾರೆ. ಅಮೆರಿಕದಲ್ಲಿ ಈ ಪಟ್ಟಿಯ ಅಗಲ ೬ ಮೆಗಾಹರ್ಟ್ಸ್. ಅಲ್ಲಿನ ೨ನೆಯ ಚಾನೆಲ್ ೫೪ರಿಂದ ೬೦ ಮೆಗಾಹರ್ಟ್ಸ್‌ವರೆಗೆ ಹರಡಿದೆ. ಬೇಕಾದ ಪಟ್ಟಿಯನ್ನು ಮಾತ್ರ ಒಳಗೆ ಬಿಟ್ಟು ಮಿಕ್ಕದ್ದನ್ನು ತಡೆಯುವುದೇ ಟ್ಯೂನರಿನ ಕೆಲಸ.

ಇದು ಅಷ್ಟು ಸುಲಭವಲ್ಲ. ೬ ಮೆಗಾಹರ್ಟ್ಸ್ ಎಂಬುದು ೫೭ರ ಬಳಿ ನೂರಕ್ಕೆ ಹತ್ತು ಪಾಲಿಗಿಂತ ಹೆಚ್ಚು. ೬೦೦ರ ಬಳಿ ನೂರಕ್ಕೆ ಒಂದೇ ಪಾಲು. ಎರಡು ಕಡೆಯೂ ಅಷ್ಟೇ ಚೂಪಾಗಿ ಆರಿಸುವ ಶೋಧಕವನ್ನು ಕಟ್ಟುವುದು ಬಲು ಕಷ್ಟ. ಈ ತೊಡಕಿಗೆ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಎಂಬ ಅಮೆರಿಕದ ಎಂಜಿನಿಯರು ೧೯೧೮ರಲ್ಲಿ ಒಂದು ಉಪಾಯವನ್ನು ತೋರಿಸಿದನು. ಶೋಧಕವನ್ನು ಕೇಂದ್ರದ ಕಡೆಗೆ ಸರಿಸುವುದಕ್ಕೆ ಬದಲಾಗಿ, ಕೇಂದ್ರವನ್ನೇ ಶೋಧಕವಿರುವಲ್ಲಿಗೆ ಎಳೆದು ತರುವುದು!

ಹೇಗೆಂದರೆ, ಟ್ಯೂನರಿನೊಳಗೆ ಒಂದು ಆಂದೋಲಕವಿರುತ್ತದೆ. ಅದರ ಕಂಪನವನ್ನೂ ಹೊರಗಿನಿಂದ ಬಂದ ಅಲೆಯನ್ನೂ ಬೆರಸಿದರೆ, ಎರಡರ ವ್ಯತ್ಯಾಸಕ್ಕೆ ಸಮನಾದ ಹೊಸ ಆವರ್ತಾಂಕವೊಂದು ದೊರೆಯುತ್ತದೆ. ಅಮೆರಿಕದ ಹಳೆಯ ಪದ್ಧತಿಯಲ್ಲಿ ಚಿತ್ರದ ಅಲೆಗೆ ಈ ವ್ಯತ್ಯಾಸವು ಯಾವಾಗಲೂ ೪೫.೭೫ ಮೆಗಾಹರ್ಟ್ಸ್ ಆಗಿರಬೇಕೆಂದು ನಿಗದಿಯಾಗಿತ್ತು. ೨ನೆಯ ಚಾನೆಲಿನ ಚಿತ್ರದ ಅಲೆ ೫೫.೨೫ ಮೆಗಾಹರ್ಟ್ಸ್, ಆದುದರಿಂದ ಆಂದೋಲಕವನ್ನು ೧೦೧ಕ್ಕೆ ಇಡಬೇಕು. ೪ನೆಯ ಚಾನೆಲಿನದು ೬೭.೨೫; ಅದಕ್ಕೆ ಆಂದೋಲಕ ೧೧೩. ಚಾನೆಲ್ ಬದಲಾಯಿಸುವುದೆಂದರೆ ಆಂದೋಲಕದ ಆವರ್ತಾಂಕವನ್ನು ಬದಲಾಯಿಸುವುದು, ಅಷ್ಟೆ.

ಇಲ್ಲಿಯೇ ನಮ್ಮ ವಿಷಯದ ತಿರುಳಿದೆ. ಒಂದು ಟ್ಯೂನರಿನಲ್ಲಿರುವುದು ಇಂತಹ ಒಂದು ಆಂದೋಲಕ. ಅದು ಒಂದೇ ಕಾಲದಲ್ಲಿ ೧೦೧ರಲ್ಲಿಯೂ ೧೧೩ರಲ್ಲಿಯೂ ಕಂಪಿಸಲಾರದು. ಕಂಪ್ಯೂಟರು ಎಷ್ಟೇ ವೇಗದ್ದಾಗಲಿ, ತಂತ್ರಾಂಶ ಎಷ್ಟೇ ಜಾಣತನದ್ದಾಗಲಿ, ಈ ಮಿತಿಯನ್ನು ದಾಟುವಂತಿಲ್ಲ. ಎರಡು ಚಾನೆಲ್‌ಗಳು ಒಮ್ಮೆಗೇ ಬೇಕಾದರೆ ಎರಡು ಟ್ಯೂನರ್‌ಗಳು ಇರಲೇಬೇಕು.

‘ಜೋಡಿ’ ಎಂಬ ಮಾತಿನ ಅರ್ಥ

ಪೆಟ್ಟಿಗೆಯ ಮೇಲೆ ‘ಅನಲಾಗ್ ಮತ್ತು ಡಿಜಿಟಲ್’ ಎಂದು ಬರೆದಿರುವ ಎಲ್ಲ ಕಾರ್ಡುಗಳೂ ಜೋಡಿ ಕಾರ್ಡುಗಳಲ್ಲ. ಇವುಗಳಲ್ಲಿ ಮೂರು ಬಗೆಗಳನ್ನು ನಾವು ಬೇರೆ ಬೇರೆಯಾಗಿ ಗುರುತಿಸಬೇಕು. ಮೊದಲನೆಯದು ಹೈಬ್ರಿಡ್ ಕಾರ್ಡು: ಇದರಲ್ಲಿ ಒಂದೇ ಟ್ಯೂನರ್ ಇದ್ದು, ಎರಡು ಬಗೆಯ ಪ್ರಸಾರಗಳನ್ನೂ ಸರದಿಯಂತೆ ಹಿಡಿಯುತ್ತದೆ. ಎರಡನೆಯದರಲ್ಲಿ ಟ್ಯೂನರ್‌ಗಳು ಎರಡಿದ್ದರೂ ಒಂದು ಅನಲಾಗಿಗೆ, ಇನ್ನೊಂದು ಡಿಜಿಟಲಿಗೆ ಮೀಸಲು. ಮೂರನೆಯದೇ ನಿಜವಾದ ಜೋಡಿ: ಒಂದೇ ಬಗೆಯ ಎರಡು ಪೂರ್ಣ ಟ್ಯೂನರ್‌ಗಳು. ಆದುದರಿಂದ ಕೊಳ್ಳುವವನು ಕೇಳಬೇಕಾದ ಪ್ರಶ್ನೆ ‘ಟ್ಯೂನರ್‌ಗಳು ಎಷ್ಟು?’ ಎಂಬುದಲ್ಲ, ‘ನನ್ನ ಮನೆಗೆ ಬರುವ ಪ್ರಸಾರದ ಎರಡು ಬೇರೆ ಚಾನೆಲ್‌ಗಳನ್ನು ಇದು ಒಂದೇ ಕಾಲದಲ್ಲಿ ಮುದ್ರಿಸಬಲ್ಲುದೆ?’ ಎಂಬುದು.

ಟ್ಯೂನರಿನ ನಂತರ ಏನಾಗುತ್ತದೆ?

ಅನಲಾಗ್ ಪ್ರಸಾರದಲ್ಲಿ ಟ್ಯೂನರಿನಿಂದ ಹೊರಬರುವುದು ಏರಿಳಿಯುವ ವಿದ್ಯುತ್ತು. ಅದನ್ನು ಅಂಕೆಗಳಾಗಿ ಮಾರ್ಪಡಿಸಬೇಕು. ಅಮೆರಿಕದ ಚಿತ್ರವೊಂದನ್ನು ೭೨೦ಕ್ಕೆ ೪೮೦ ಚುಕ್ಕೆಗಳಾಗಿ ಒಡೆದು, ಚುಕ್ಕೆಗೆ ೨ ಬೈಟುಗಳಂತೆ, ಸೆಕೆಂಡಿಗೆ ೩೦ ಚಿತ್ರಗಳನ್ನು ಬರೆದರೆ ಸೆಕೆಂಡಿಗೆ ಸುಮಾರು ೨ ಕೋಟಿ ೭ ಲಕ್ಷ ಬೈಟುಗಳಾಗುತ್ತವೆ. ಒಂದು ಗಂಟೆಗೆ ಇದು ಸುಮಾರು ೭೫ ಗಿಗಾಬೈಟ್! ಇದನ್ನು ಎಂಪೆಗ್-೨ ಪದ್ಧತಿಯಲ್ಲಿ ಸಂಕೋಚಿಸಿ ಸೆಕೆಂಡಿಗೆ ೬೦ ಲಕ್ಷ ಬಿಟ್‌ಗಳಿಗೆ ಇಳಿಸಿದರೆ ಗಂಟೆಗೆ ೨.೭ ಗಿಗಾಬೈಟ್ ಸಾಕು.

ಈ ಸಂಕೋಚನ ಬಹಳ ಶ್ರಮದ ಲೆಕ್ಕಾಚಾರ. ಅಂದಿನ ಕಂಪ್ಯೂಟರಿಗೆ ಒಂದು ಚಿತ್ರಧಾರೆಯೇ ಭಾರ. ಎರಡು ಬಂದರೆ ಮುದ್ರಣ ತಡವರಿಸುತ್ತಿತ್ತು. ಆದುದರಿಂದ ಹಾಪಾಜ್ ಸಂಸ್ಥೆಯ ಪಿವಿಆರ್-೫೦೦ರಂತಹ ಕಾರ್ಡುಗಳಲ್ಲಿ ಎರಡು ಟ್ಯೂನರ್‌ಗಳ ಜೊತೆಗೆ ಎರಡು ಸಂಕೋಚಕ ಚಿಪ್‌ಗಳನ್ನೂ ಅಳವಡಿಸಿದ್ದರು.

ಡಿಜಿಟಲ್ ಪ್ರಸಾರದ ಸ್ಥಿತಿ ಬೇರೆ. ಅಲ್ಲಿ ಚಿತ್ರವು ಕೇಂದ್ರದಲ್ಲಿಯೇ ಸಂಕೋಚನಗೊಂಡು ಬರುತ್ತದೆ. ಕಾರ್ಡು ಆ ಅಂಕೆಗಳ ಧಾರೆಯನ್ನು ಬಿಡಿಸಿಕೊಂಡು ಡಿಸ್ಕಿಗೆ ಒಪ್ಪಿಸಿದರಾಯಿತು. ಸಂಕೋಚಕದ ಅಗತ್ಯವಿಲ್ಲ. ಅಮೆರಿಕದ ಎಟಿಎಸ್‌ಸಿ ಪದ್ಧತಿಯಲ್ಲಿ ಒಂದು ಚಾನೆಲಿನ ಪೂರ್ಣ ಧಾರೆ ಸೆಕೆಂಡಿಗೆ ೧೯.೩೯ ಮೆಗಾಬಿಟ್, ಅಂದರೆ ಗಂಟೆಗೆ ಸುಮಾರು ೮.೭ ಗಿಗಾಬೈಟ್. ಎರಡು ಟ್ಯೂನರ್‌ಗಳಿಂದ ಸೆಕೆಂಡಿಗೆ ಬರುವುದು ಐದು ಮೆಗಾಬೈಟಿಗಿಂತ ಕಡಿಮೆ. ಹಳೆಯ ಪಿಸಿಐ ಮಾರ್ಗವು ಗರಿಷ್ಠ ೧೩೩ ಮೆಗಾಬೈಟನ್ನು ಸಾಗಿಸಬಲ್ಲುದು. ಪಿಸಿಐ ಎಕ್ಸ್‌ಪ್ರೆಸ್ಸಿನ ಮೊದಲ ಆವೃತ್ತಿಯ ಒಂದೇ ಓಣಿ ೨೫೦ನ್ನು. ಆದುದರಿಂದ ಮಾರ್ಗದ ವೇಗದ ಬಗ್ಗೆ ಚಿಂತಿಸಬೇಕಾಗಿಲ್ಲ. ತಮ್ಮ ಕಂಪ್ಯೂಟರಿನಲ್ಲಿ ಯಾವ ಬಗೆಯ ಕಿಂಡಿ ಇದೆ ಎಂಬುದನ್ನಷ್ಟೆ ನೋಡಿಕೊಳ್ಳಬೇಕು.

ಡಿಜಿಟಲ್ ಪದ್ಧತಿಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ಒಂದು ಚಾನೆಲಿನ ಧಾರೆಯೊಳಗೆ ಅನೇಕ ಕಾರ್ಯಕ್ರಮಗಳನ್ನು ಹೆಣೆದು ಕಳುಹಿಸಬಹುದು. ಬ್ರಿಟನ್ನಿನಲ್ಲಿ ಇಂತಹ ಹೆಣಿಗೆಯನ್ನು ಮಲ್ಟಿಪ್ಲೆಕ್ಸ್ ಎನ್ನುತ್ತಾರೆ. ಟ್ಯೂನರ್ ಹಿಡಿಯುವುದು ಕಾರ್ಯಕ್ರಮವನ್ನಲ್ಲ, ಆವರ್ತಾಂಕವನ್ನು! ಆದುದರಿಂದ ಬೇಕಾದ ಎರಡು ಕಾರ್ಯಕ್ರಮಗಳು ಒಂದೇ ಮಲ್ಟಿಪ್ಲೆಕ್ಸಿನಲ್ಲಿದ್ದು, ತಂತ್ರಾಂಶವು ಅವುಗಳನ್ನು ಬೇರ್ಪಡಿಸಬಲ್ಲುದಾದರೆ, ಒಂದೇ ಟ್ಯೂನರ್ ಎರಡನ್ನೂ ಕೊಡುತ್ತದೆ. ಮಿತ್‌ಟಿವಿ ಈ ಕೆಲಸವನ್ನು ಮಾಡುತ್ತದೆ. ಎರಡು ಟ್ಯೂನರಿಗೆ ಹಣ ಕೊಡುವ ಮೊದಲು, ತಾವು ನೋಡುವ ಕಾರ್ಯಕ್ರಮಗಳು ಯಾವ ಯಾವ ಧಾರೆಗಳಲ್ಲಿ ಬರುತ್ತವೆ ಎಂದು ಪಟ್ಟಿಮಾಡುವುದು ವಿವೇಕ.

ಹಂಚಿಕೊಂಡರೆ ಕಡಮೆಯಾಗುವುದು

ಒಂದು ಆಂಟೆನಾದ ತಂತಿಯನ್ನು ಎರಡು ಟ್ಯೂನರ್‌ಗಳಿಗೆ ಕವಲೊಡೆಸಿದರೆ ಏನಾಗುತ್ತದೆ? ಶಕ್ತಿಯ ನಿತ್ಯತ್ವ ನಿಯಮದಂತೆ ಒಂದೊಂದಕ್ಕೂ ಅರ್ಧ ಶಕ್ತಿ ಮಾತ್ರ ಸಲ್ಲಬೇಕು. ಇದು ೩ ಡೆಸಿಬೆಲ್ ನಷ್ಟ. ಕವಲಿನೊಳಗೇ ಸ್ವಲ್ಪ ಸೋರಿಹೋಗುವುದರಿಂದ ವಾಸ್ತವದಲ್ಲಿ ನಷ್ಟ ಸುಮಾರು ೩.೫ ಡೆಸಿಬೆಲ್.

ಅನಲಾಗ್ ಚಿತ್ರವಾಗಿದ್ದರೆ ಇದರಿಂದ ಪರದೆಯ ಮೇಲೆ ಸ್ವಲ್ಪ ಹೆಚ್ಚು ಹಿಮ ಬಿದ್ದಂತೆ ತೋರುತ್ತಿತ್ತು, ನೋಡಲು ಅಡ್ಡಿಯಿಲ್ಲ. ಡಿಜಿಟಲ್ ಚಿತ್ರಕ್ಕೆ ಇಂತಹ ರಿಯಾಯಿತಿಯಿಲ್ಲ. ಎಟಿಎಸ್‌ಸಿ ಪ್ರಸಾರವನ್ನು ಬಿಡಿಸಿಕೊಳ್ಳಬೇಕಾದರೆ ಸಂಕೇತವು ಗದ್ದಲಕ್ಕಿಂತ ಸುಮಾರು ೧೫ ಡೆಸಿಬೆಲ್ ಮೇಲಿರಬೇಕು. ಒಂದು ಮನೆಯಲ್ಲಿ ಅದು ೧೭ ಡೆಸಿಬೆಲ್ ಇದೆ ಎಂದಿಟ್ಟುಕೊಳ್ಳೋಣ; ಚಿತ್ರ ನಿರ್ಮಲವಾಗಿರುತ್ತದೆ. ಕವಲು ಹಾಕಿದೊಡನೆ ಅದು ೧೩.೫ಕ್ಕೆ ಇಳಿಯುತ್ತದೆ, ಚಿತ್ರ ಮಾಯವಾಗುತ್ತದೆ. ಎರಡನೆಯ ಟ್ಯೂನರನ್ನು ಸೇರಿಸಹೋಗಿ ಮೊದಲನೆಯದನ್ನೂ ಕಳೆದುಕೊಂಡಂತಾಯಿತು!

ಇದಕ್ಕೆ ಪರಿಹಾರವೆಂದರೆ ಕವಲಿಗೆ ಮೊದಲೇ, ಆಂಟೆನಾದ ಸಮೀಪದಲ್ಲಿ, ಕಡಿಮೆ ಗದ್ದಲದ ಒಂದು ವರ್ಧಕವನ್ನಿಡುವುದು. ಕವಲಿನ ನಂತರ ಇಟ್ಟರೆ ಅಷ್ಟು ಫಲವಿಲ್ಲ. ಅಲ್ಲಿಗೆ ಸಂಕೇತ ಆಗಲೇ ಕ್ಷೀಣಿಸಿದ್ದು, ವರ್ಧಕವು ಸಂಕೇತವನ್ನೂ ಗದ್ದಲವನ್ನೂ ಸಮವಾಗಿ ದೊಡ್ಡದುಮಾಡುತ್ತದೆ. ಉತ್ತಮ ಜೋಡಿ ಕಾರ್ಡುಗಳಲ್ಲಿ ಒಂದೇ ತಂತಿ ಒಳಬಂದು, ಮೊದಲು ವರ್ಧಿತವಾಗಿ ಆಮೇಲೆ ಹಂಚಿಕೆಯಾಗುತ್ತದೆ. ಎರಡು ಬಿಡಿ ಕಾರ್ಡುಗಳಿಗಿಂತ ಒಂದು ಜೋಡಿ ಕಾರ್ಡು ಮೇಲೆಂಬುದಕ್ಕೆ ಇದೂ ಒಂದು ಕಾರಣ.

ಉಪಗ್ರಹದ ಪ್ರಸಾರದಲ್ಲಿ ಬರಿಯ ಕವಲು ಸಾಲದು. ಅಲ್ಲಿ ಟ್ಯೂನರು ಡಿಷ್‌ನ ಮೂತಿಯಲ್ಲಿರುವ ಎಲ್‌ಎನ್‌ಬಿ ಸಾಧನಕ್ಕೆ ತಂತಿಯ ಮೂಲಕ ೧೩ ಅಥವಾ ೧೮ ವೋಲ್ಟ್ ಕೊಟ್ಟು, ಯಾವ ಧ್ರುವೀಕರಣದ ಅಲೆ ಬೇಕೆಂದು ಸೂಚಿಸುತ್ತದೆ. ಒಂದು ಟ್ಯೂನರ್ ೧೩ನ್ನೂ ಇನ್ನೊಂದು ೧೮ನ್ನೂ ಕೇಳಿದರೆ ಒಂದೇ ತಂತಿ ಇಬ್ಬರನ್ನೂ ತೃಪ್ತಿಪಡಿಸಲಾರದು. ಅದಕ್ಕಾಗಿ ಎರಡು ಹೊರದಾರಿಗಳುಳ್ಳ ಎಲ್‌ಎನ್‌ಬಿ ಮತ್ತು ಎರಡು ತಂತಿಗಳು ಬೇಕು.

ಕಾರ್ಡು ಉಳಿದರೂ ಪ್ರಸಾರ ಉಳಿಯದು

ಇಷ್ಟನ್ನೂ ಪರೀಕ್ಷಿಸಿ ಕೊಂಡ ಕಾರ್ಡು ಕೆಡದೆಯೇ ನಿರುಪಯುಕ್ತವಾಗಬಹುದು. ಅಮೆರಿಕದ ಪೂರ್ಣಶಕ್ತಿಯ ಕೇಂದ್ರಗಳು ೨೦೦೯ರ ಜೂನ್ ೧೨ರಂದು ಅನಲಾಗ್ ಪ್ರಸಾರವನ್ನು ನಿಲ್ಲಿಸಿದುವು. ಬ್ರಿಟನ್ನಿನಲ್ಲಿ ಈ ಬದಲಾವಣೆ ೨೦೧೨ರ ಅಕ್ಟೋಬರಿನಲ್ಲಿ ಮುಗಿಯಿತು. ಅದರೊಡನೆ ಆಂಟೆನಾಕ್ಕೆ ಜೋಡಿಸಿದ್ದ ಅನಲಾಗ್ ಕಾರ್ಡುಗಳು ಒಂದೇ ದಿನದಲ್ಲಿ ಕಿವುಡಾದುವು. ಅದೇ ಅಕ್ಟೋಬರಿನಲ್ಲಿ ಅಮೆರಿಕದ ಸಂಪರ್ಕ ಆಯೋಗವು ಕೇಬಲ್ ಕಂಪೆನಿಗಳಿಗೆ ತಮ್ಮ ಮೂಲ ಚಾನೆಲ್‌ಗಳನ್ನೂ ಗೂಢಲಿಪಿಯಲ್ಲಿ ಕಳುಹಿಸಲು ಅನುಮತಿಯಿತ್ತಿತು; ಅಲ್ಲಿಂದ ಮುಂದೆ ಅಂತಹ ಕೇಬಲಿನ ಡಿಜಿಟಲ್ ಧಾರೆಯನ್ನು ಹಿಡಿದರೂ ಬರಿಯ ಕಾರ್ಡಿನಿಂದ ಬಿಡಿಸಲಾಗದು. ೨೦೧೭ರಲ್ಲಿ ಅಲ್ಲಿ ಎಟಿಎಸ್‌ಸಿ-೩ ಎಂಬ ಹೊಸ ಪದ್ಧತಿಗೆ ಒಪ್ಪಿಗೆ ದೊರೆಯಿತು. ಹಿಂದಿನ ಕಾರ್ಡುಗಳು ಅದನ್ನು ಅರಿಯವು. ತಂತ್ರಾಂಶದ ಗತಿಯೂ ಹೀಗೆಯೇ: ೨೦೧೫ರಲ್ಲಿ ಬಂದ ವಿಂಡೋಸ್ ೧೦ರಲ್ಲಿ ಮೀಡಿಯಾ ಸೆಂಟರನ್ನು ಕೈಬಿಟ್ಟರು.

ನಮ್ಮ ಕಡೆಯೂ ಇದು ನಡೆದಿದೆ. ಭಾರತದ ಕೇಬಲ್ ಜಾಲಗಳು ಕಾನೂನಿನ ಪ್ರಕಾರ ಹಂತಹಂತವಾಗಿ ಡಿಜಿಟಲ್ ಆದುವು. ಬೆಂಗಳೂರು ಮತ್ತು ಮೈಸೂರುಗಳು ೨೦೧೩ರ ಎರಡನೆಯ ಹಂತದಲ್ಲಿದ್ದುವು. ಅದಕ್ಕೆ ಮೊದಲು ಗೋಡೆಯ ಕೇಬಲನ್ನು ನೇರವಾಗಿ ಕಾರ್ಡಿಗೆ ಸಿಕ್ಕಿಸಿದರೆ ಚಿತ್ರ ಬರುತ್ತಿತ್ತು. ಈಗ ಗೂಢಲಿಪಿಯನ್ನು ಬಿಡಿಸುವ ಸೆಟ್‌ಟಾಪ್ ಪೆಟ್ಟಿಗೆ ಮಧ್ಯೆ ನಿಂತಿದೆ. ಟ್ಯೂನರಿನ ಕೆಲಸವನ್ನು ಆ ಪೆಟ್ಟಿಗೆಯೇ ಮಾಡುವುದರಿಂದ, ಒಂದೇ ಟ್ಯೂನರಿನ ಪೆಟ್ಟಿಗೆಯನ್ನು ಜೋಡಿ ಕಾರ್ಡಿಗೆ ಜೋಡಿಸಿದರೂ ದೊರೆಯುವುದು ಒಂದೇ ಚಾನೆಲ್. ಆಂದೋಲಕ ಎಲ್ಲಿದೆಯೋ ಅಲ್ಲಿಯೇ ಎಣಿಕೆ ನಡೆಯಬೇಕೆಂಬ ನಿಯಮಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವಿಲ್ಲ.

ಆಯ್ಕೆಯ ಕ್ರಮ

ಆದುದರಿಂದ ಆಯ್ಕೆಯನ್ನು ಕಾರ್ಡಿನಿಂದಲ್ಲ, ಮನೆಗೆ ಬರುವ ತಂತಿಯಿಂದ ಆರಂಭಿಸಬೇಕು. ತಂತಿಯಲ್ಲಿ ಬರುವ ಪದ್ಧತಿ ಯಾವುದು, ಅದು ಗೂಢಲಿಪಿಯಲ್ಲಿದೆಯೆ, ಇನ್ನೆಷ್ಟು ವರ್ಷ ಮುಂದುವರಿಯುವ ಭರವಸೆಯಿದೆ ಎಂಬುದು ಮೊದಲ ಪ್ರಶ್ನೆ. ಆ ಪದ್ಧತಿಗೆ ಎರಡು ಪೂರ್ಣ ಟ್ಯೂನರ್‌ಗಳು ಇವೆಯೆ ಎಂಬುದು ಎರಡನೆಯದು. ಹಂಚಿಕೆಯ ನಷ್ಟವನ್ನು ತಡೆಯುವಷ್ಟು ಸಂಕೇತ ಇದೆಯೆ ಎಂಬುದು ಮೂರನೆಯದು. ತಾವು ಬಳಸುವ ತಂತ್ರಾಂಶ ಆ ಕಾರ್ಡನ್ನು ಬಲ್ಲುದೆ ಎಂಬುದು ನಾಲ್ಕನೆಯದು. ಬೆಲೆಯನ್ನೂ ಪೆಟ್ಟಿಗೆಯ ಮೇಲಿನ ಬಣ್ಣದ ಚಿತ್ರವನ್ನೂ ಇವೆಲ್ಲಕ್ಕೂ ಉತ್ತರ ದೊರೆತ ಮೇಲೆ ನೋಡಿದರೆ ಸಾಕು.

ವಿದ್ಯಾರ್ಥಿಗಳು ತಾವೇ ಮಾಡಿನೋಡಲು ಒಂದು ಲೆಕ್ಕ: ಎಟಿಎಸ್‌ಸಿಯ ಎರಡು ಪೂರ್ಣ ಧಾರೆಗಳನ್ನು ದಿನಕ್ಕೆ ಮೂರು ಗಂಟೆ ಮುದ್ರಿಸಿದರೆ, ೧೦೦೦ ಗಿಗಾಬೈಟಿನ ಡಿಸ್ಕು ಎಷ್ಟು ದಿನಗಳಲ್ಲಿ ತುಂಬುವುದು? ಉತ್ತರ ಮೂರು ವಾರವನ್ನೂ ಮುಟ್ಟುವುದಿಲ್ಲವೆಂದು ಕಂಡಾಗ, ಎರಡು ಕಿವಿಗಳಿಂದ ಕೇಳಿದ್ದನ್ನೆಲ್ಲ ಇಟ್ಟುಕೊಳ್ಳಲಾಗದು, ಆರಿಸಿ ಅಳಿಸುವುದನ್ನೂ ಕಲಿಯಬೇಕು ಎಂಬುದು ಮನವರಿಕೆಯಾಗುವುದು.