ಮೀಟರ್ ಕೇಳಿದರೆ ಅನುಮತಿ ಪತ್ರ ಕೇಳಿ

ಗಣೇಶ ವಿಸರ್ಜನೆ ಮುಗಿದ ವಾರ ನಮ್ಮಲ್ಲಿಗೆ ಬರುವ ಕಕ್ಷಿದಾರರಲ್ಲಿ ಒಬ್ಬರಿಗೆ ಕಿವಿಯೊಳಗಿನ ಗುಂಯ್ ನಿಂತಿರುವುದಿಲ್ಲ, ಇನ್ನೊಬ್ಬರ ತಾಯಿಗೆ ಬಿ.ಪಿ. ಏರಿರುತ್ತದೆ. ಧ್ವನಿವರ್ಧಕದ ಸದ್ದಿನ ಬಗ್ಗೆ ಪೊಲೀಸರಿಗೆ ದೂರು ಕೊಟ್ಟಿರಾ ಎಂದರೆ, "ಫೋನ್ ಮಾಡಿದ್ವಿ ಸಾರ್. ಎಷ್ಟು ಡೆಸಿಬಲ್ ಇದೆ, ಮೀಟರ್ ಇದೆಯಾ ಅಂದ್ರು. ಸುಮ್ಮನಾದ್ವಿ."

ಜನ ಸೋಲುವುದು ಇಲ್ಲೇ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವುದೇ ತಪ್ಪು; ಡೆಸಿಬಲ್ ಲೆಕ್ಕ ಬೇಕಿಲ್ಲ. ಹಗಲಲ್ಲೂ ಲಿಖಿತ ಅನುಮತಿ ಬೇಕೇ ಬೇಕು. ಮೀಟರ್ ಕೇಳಿದವರಿಗೆ ನೀವು ತಿರುಗಿ ಕೇಳಿ: ಅನುಮತಿ ಪತ್ರ ಎಲ್ಲಿ? ಎಷ್ಟು ಗಂಟೆವರೆಗೆ? ಅಳೆಯುವುದು ಸಂಬಳ ತೆಗೆದುಕೊಳ್ಳುವವರ ಕೆಲಸ.

ಆದರೆ ಹಬ್ಬಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ ಸರ್ಕಾರ ರಾತ್ರಿ 12ರವರೆಗೆ ಬಿಡಬಹುದು. ಕಲ್ಯಾಣ ಮಂಟಪದ ಮುಚ್ಚಿದ ಸಭಾಂಗಣಕ್ಕೂ ವಿನಾಯಿತಿಯಿದೆ, ಹೊರಗಿನ ಶಾಮಿಯಾನಕ್ಕಿಲ್ಲ. "ಎಲ್ಲ ಪರ್ಮಿಷನ್ ಆಗಿದೆ" ಎಂದು ಠಾಣೆಯ ಬಾಗಿಲಲ್ಲೇ ಅಡ್ಡಬರುವ ಏಜೆಂಟರನ್ನು ನಂಬಬೇಡಿ. ಅನುಮತಿ ಇದ್ದರೂ ಸದ್ದಿಗೆ ಮಿತಿಯಿದೆ: ವಸತಿ ಪ್ರದೇಶದಲ್ಲಿ ಹಗಲು ಜಾಗದ ಗಡಿಯಲ್ಲಿ 65 ಡೆಸಿಬಲ್.

ಸದ್ದು ನಡೆಯುವಾಗಲೇ 112ಕ್ಕೆ ಕರೆ ಮಾಡಿ, ಸಮಯ ಬರೆದಿಡಿ, ಜಾಗ ಗುರುತಾಗುವಂತೆ ವಿಡಿಯೊ ತೆಗೆಯಿರಿ. ಬೆಳಿಗ್ಗೆ ಡಿವೈಎಸ್‌ಪಿಗೆ, ನಗರದಲ್ಲಾದರೆ ಎಸಿಪಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಕೊಡದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ. ಅನುಮತಿ ಪತ್ರದ ನಕಲಿಗೆ 10 ರೂಪಾಯಿಯ ಆರ್‌ಟಿಐ ಅರ್ಜಿ ಸಾಕು. ಒಂದೇ ವಿಷಯ ಇರಲಿ, 150 ಪದ ಮೀರದಿರಲಿ. ಕರ್ನಾಟಕದಲ್ಲಿ ಅದೇ ನೆಪ ಹೇಳಿ ಅರ್ಜಿ ವಾಪಸ್ ಮಾಡುತ್ತಾರೆ. ವಾರವಾರವೂ ಇದೇ ಕಾಟವಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) ಸೆಕ್ಷನ್ 152ರ ಅಡಿ ಉಪವಿಭಾಗಾಧಿಕಾರಿಯ ಬಳಿ ಹೋಗಬಹುದು.

ಕಿವಿಯ ಮಾತು ಬೇರೆ, ಅದು ಕಚೇರಿಗಾಗಿ ಕಾಯುವುದಿಲ್ಲ. 85 ಡೆಸಿಬಲ್ ಸದ್ದನ್ನು 8 ಗಂಟೆ ತಾಳಬಹುದು ಎನ್ನುತ್ತಾರೆ. ಮೂರು ಡೆಸಿಬಲ್ ಏರಿದಂತೆಲ್ಲ ಆ ಹೊತ್ತು ಅರ್ಧವಾಗುತ್ತದೆ. 100ಕ್ಕೆ ಉಳಿಯುವುದು 15 ನಿಮಿಷ. ಒಳಕಿವಿಯ ಸೂಕ್ಷ್ಮ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಬೆಳಗಾದರೂ ಕಿವಿ ಮಂದವಿದ್ದರೆ ಅಂದೇ ಇಎನ್‌ಟಿ ವೈದ್ಯರಲ್ಲಿಗೆ ಹೋಗಿ, ತಡವಾದರೆ ಚಿಕಿತ್ಸೆ ಫಲಿಸುವುದು ಕಷ್ಟ. ಯಾವ ದಿನ, ಯಾವ ಸದ್ದಿನಿಂದ ಎಂದು ಚೀಟಿಯಲ್ಲೇ ಬರೆಸಿ, ಆಡಿಯೋಗ್ರಾಂ ಮಾಡಿಸಿ. ಪರಿಹಾರದ ದಾವೆ ಸುಲಭವಲ್ಲ. ವಯಸ್ಸಾದವರಾದರೆ ಇದು ಮುಪ್ಪಿನ ಕಿವುಡು ಎಂದು ಎದುರು ವಕೀಲರು ವಾದಿಸಿಯೇ ವಾದಿಸುತ್ತಾರೆ. ವರದಿಯ ಮೂಲಪ್ರತಿ ಯಾರ ಕೈಗೂ ಕೊಡಬೇಡಿ. ಠಾಣೆಗೆ ಜೆರಾಕ್ಸ್ ಸಾಕು.